ಬಿಸಿಲು ಕಾಣದ ಸಸಿಗಳು

“ಹಿಡ್ಕೊಳ್ಳೋ ಆ ಕಡೆ, ಮಣ್ಣು ಚೆಲ್ಲತ್ತೆ!” ಎನ್ನುತ್ತ ಸೋದರಮಾವ, ಪಕ್ಕದ ಮನೆಯ ಡ್ರೈವರನ ಜೊತೆ ಸಸಿಗಳ ಕೊನೆಯ ಟ್ರೇಯನ್ನೂ ಎತ್ತಿ ಅಂಗಳದ ಸಿಮೆಂಟಿನ ಮೇಲೆ ಇಳಿಸಿದ. ತೀರಿಕೊಂಡ ತನ್ನ ಅಕ್ಕನನ್ನು ಮಲಗಿಸಲು ಮುಂದಿನ ಕೋಣೆ ಖಾಲಿಯಾಗಬೇಕಿತ್ತು. ಅಲ್ಲಿದ್ದದ್ದು ಗೋಡೆಯಿಂದ ಗೋಡೆಗೆ ಬದನೆ, ಟೊಮೆಟೊ, ಮೆಣಸಿನ ಸಸಿಗಳು. ಅವನ್ನು ಮಾರಿಯೇ ಆಕೆ ಮನೆ ನಡೆಸಿದ್ದು.

ಒಳಕೋಣೆಯ ಕಿಟಕಿಗೆ ಮುಖವೊತ್ತಿ ಆಕೆಯ ಮಗ ನೋಡುತ್ತಿದ್ದ. ನಲವತ್ತರ ಗಂಡಸು. ಅವನು ಬಾಗಿಲು ದಾಟಿ ವರ್ಷಗಳೇ ಆಗಿದ್ದವು. ಹೊಸಿಲ ಹತ್ತಿರ ಬಂದರೆ ಸಾಕು, ಉಸಿರು ಕಟ್ಟಿದಂತಾಗಿ ಮೈ ಬೆವರುತ್ತಿತ್ತು.

“ಮಾವ, ಅವು ಇನ್ನೂ ಬಿಸಿಲು ಕಂಡಿಲ್ಲ. ಸುಟ್ಟು ಹೋಗ್ತವೆ, ಒಳಗೆ ತನ್ನಿ.”

“ಗಿಡಕ್ಕೆ ಬಿಸಿಲು ಬೇಡ್ವಾ? ಇದೊಳ್ಳೆ ಕತೆ ಆಯ್ತಲ್ಲ! ಅದನ್ನೆಲ್ಲ ಬಿಡು. ಹೊರಡೋ ಹೊತ್ತಿಗೆ ನೀನು ಆಚೆ ಬರ್ಬೇಕು, ನಿಮ್ಮಮ್ಮಂಗೆ ಹೆಗಲು ಕೊಡ್ಬೇಕು. ತಿಳೀತಾ?”

ಬಂದವರೆಲ್ಲ ಒಳ್ಳೆಯವರೇ. ಬಾಡಿದ ಸಸಿ ಕಂಡು ಕರುಳು ಚುರುಕ್ಕೆಂದು, ಕಾಲು ತೊಳೆಯಲು ಇಟ್ಟ ಬಕೆಟ್ಟಿನಿಂದ ಒಂದೊಂದು ಚೊಂಬು ಹೊಯ್ದು ಒಳಗೆ ನಡೆದರು. ಟ್ರೇಗಳಲ್ಲಿ ನೀರು ನಿಂತಿತು. ಸಸಿ ಏಳಲಿಲ್ಲ.

“ಯಾರೂ ನೀರು ಹಾಕ್ಬೇಡಿ! ನೀರಿಲ್ದೆ ಬಾಡಿದ್ದಲ್ಲ ಅದು!” ಎಂದು ಮಗ ಕಿಟಕಿಯಿಂದ ಕೂಗಿದ.

“ಪಾಪ, ಸಂಕಟಕ್ಕೆ ಏನೇನೋ ಬಡಬಡಿಸ್ತಾನೆ,” ಎಂದು ಅವನ ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

*

ಬೀಜ ಬಿತ್ತುವುದು, ಮೊಳಕೆ ನೋಡಿಕೊಳ್ಳುವುದು ಮಗನ ಪಾಲು; ಹೊರಗಿನದೆಲ್ಲ ತಾಯಿಯದು. ಮೊದಲ ದಿನ ಜಗಲಿಯಂಚಿನಲ್ಲಿ ತುಸು ಹೊತ್ತು, ಮರುದಿನ ಇನ್ನೂ ತುಸು, ಗಾಳಿ ಜೋರಾದರೆ ಎದ್ದೆನೋ ಬಿದ್ದೆನೋ ಎಂದು ಎತ್ತಿಕೊಂಡು ಒಳಗೆ. “ಹೊರಗಿನ ಹವಾ ಇವಕ್ಕೆ ನಿಧಾನಕ್ಕೆ ಒಗ್ಗಬೇಕು ಕಣೋ,” ಎನ್ನುತ್ತಿದ್ದಳು. ಕಾಂಡ ಗಟ್ಟಿಯಾಗುವ ತನಕ ಯಾರು ಬಂದು ಗೋಗರೆದರೂ ಮಾರುತ್ತಿರಲಿಲ್ಲ.

ಮಗನನ್ನೂ ಒಮ್ಮೆ ಹಾಗೇ ಕೈಹಿಡಿದು ಹೊಸಿಲ ತನಕ ಕರೆತಂದಿದ್ದಳು. ಅವನ ಅಂಗಿ ಬೆನ್ನಿಗಂಟಿತು, ಹಲ್ಲು ಕಟಕಟಿಸಿತು. “ಆಯ್ತು ಬಿಡು ಕಂದ, ನಾಳೆ ನೋಡೋಣ,” ಎಂದಳು. ಆ ನಾಳೆ ಬರಲೇ ಇಲ್ಲ. ಸಸಿಗಳ ವಿಷಯದಲ್ಲಿ ಅಷ್ಟು ಹಟ ಹಿಡಿಯುತ್ತಿದ್ದವಳಿಗೆ ಮಗನ ಮುಖ ನೋಡಿದರೆ ಮನಸ್ಸು ಗಟ್ಟಿಯಾಗುತ್ತಿರಲಿಲ್ಲ. ಹೆತ್ತ ಕರುಳು, ಏನು ಮಾಡುವುದು!

*

“ಬಾರೋ,” ಚಟ್ಟ ಎತ್ತುವ ಹೊತ್ತಿಗೆ ಮಾವ ಕರೆದ. “ಒಬ್ಬನೇ ಮಗ ನೀನು. ಆಮೇಲೆ ಬೇಕಂದ್ರೂ ಸಿಗಲ್ಲ ಅವಳು.”

ಮಗ ಹೊಸಿಲ ಮೇಲೆ ಬಂದು ನಿಂತ. ಬಾಗಿಲ ಚೌಕಟ್ಟು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಕಣ್ಣು ಮುಚ್ಚಿ ಒಂದು ಕಾಲು ಹೊರಗಿಟ್ಟ, ಆಮೇಲೆ ಇನ್ನೊಂದನ್ನು. ಚಿಕ್ಕಮ್ಮ ಬಾಯಿಗೆ ಸೆರಗೊತ್ತಿಕೊಂಡಳು. ಹೆಣ ಹೊತ್ತವರು ಅವನಿಗೆ ಜಾಗ ಬಿಟ್ಟು ಕಾದರು.

ಅವನು ಅವರನ್ನು ದಾಟಿ ಹೋಗಿ ಟ್ರೇಗಳ ಮುಂದೆ ಕುಸಿದ. ಬದನೆ, ಟೊಮೆಟೊ ಬಿಳುಚಿ ಮಣ್ಣಿಗೊರಗಿದ್ದವು. ಮೆಣಸಿನ ಎಲೆಯಲ್ಲಿ ಇನ್ನೂ ಒಂದಿಷ್ಟು ಹಸಿರಿತ್ತು. ಒಂದು ಟ್ರೇ ಎತ್ತಲು ಹೋದ. ನೀರು ನಿಂತು ಭಾರವಾಗಿದ್ದ ಅದು ಮಗುಚಿಕೊಂಡಿತು.

“ಹೆತ್ತವಳಿಗಿಂತ ಸಸಿ ಹೆಚ್ಚಾಯ್ತೇನೋ ನಿಂಗೆ?” ಮಾವ ಅರಚಿದ.

“ಬಿಡಣ್ಣ,” ಎಂದಳು ಚಿಕ್ಕಮ್ಮ. “ಹೊತ್ತಾಯ್ತು, ನಡಿ.”

ಅವರು ಹೋದರು. ಅಳುವಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿಹೋಯಿತು. ಇನ್ನೊಂದು ಟ್ರೇ ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ. ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಎದ್ದು, ಸೂರ್ಯನಿಗೆ ಬೆನ್ನು ಕೊಟ್ಟು, ತೋಳೆರಡನ್ನೂ ಅಗಲಿಸಿ ನಿಂತ. ಮೆಣಸಿನ ಒಂದು ಟ್ರೇ ಮೇಲೆ ಅವನ ನೆರಳು ಬಿತ್ತು. ಮಿಕ್ಕವಕ್ಕೆ ಅವನ ಮೈ ಸಾಕಾಗಲಿಲ್ಲ.