ಲಿವಿಯೊ ಬಾಯಲ್ಲಿ ಉಳಿದ ಒಂದೇ ಮಾತು

ಎಲ್ಡಾಳ ಗಂಡನ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಮಾತು, ಅದೂ ಇಂಗ್ಲಿಷಿನದು. ಹೋಲ್ಡ್. ಬೇಸಿಗೆಯಲ್ಲಿ ಲಕ್ವ ಹೊಡೆದು ಲಿವಿಯೊನ ಬಲಗೈ ಬಲಗಾಲು ಬಿದ್ದುಹೋದವು. ಜೊತೆಗೆ ಸ್ಲೊವೀನಿಯನ್ ಹೋಯಿತು, ಅಮ್ಮನಿಂದ ಬಂದ ಇಟಾಲಿಯನ್ ಹೋಯಿತು, ಕಟ್ಟಿಕೊಂಡವಳ ಹೆಸರೂ ಹೋಯಿತು. ಜೀವಮಾನವಿಡೀ ಯಾರ್ಯಾರದೋ ಹಡಗುಗಳಲ್ಲಿ ದುಡಿದವನಿಗೆ ಹಡಗಿನ ಈ ಚೂರೊಂದೇ ದಕ್ಕಬೇಕಾ? ಎಲ್ಡಾಗಂತೂ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಕೇಳಿ ತಿಳಿಯೋಣವೆಂದರೆ ಬೇಕಾ ಅಂದರೂ ತಲೆಯಾಡಿಸುತ್ತಿದ್ದ, ಬೇಡವಾ ಅಂದರೂ ತಲೆಯಾಡಿಸುತ್ತಿದ್ದ.

ಕಿಟಕಿಯಾಚೆ ಓಣಿಗೆ ಅಡ್ಡ ಕಟ್ಟಿದ ಹಗ್ಗದಿಂದ ಬಟ್ಟೆ ಎಳೆದುಕೊಳ್ಳಲು ಅವಳು ಬಗ್ಗಿದರೆ ಸಾಕು, ಪಕ್ಕದ ಗಾಲಿಕುರ್ಚಿಯಿಂದ ಎಡಗೈ ಚಾಚಿ ಏಪ್ರನ್ನಿನ ಪಟ್ಟಿ ಹಿಡಿದುಬಿಡುತ್ತಿದ್ದ. "ಹೋಲ್ಡ್."

"ಬಿಡೋ ಮಾರಾಯ! ಈ ವಯಸ್ಸಲ್ಲಿ ನಾನು ಯಾರ ಜೊತೆ ಓಡಿಹೋಗ್ತೀನಿ?"

ನಗುತ್ತ ಪಟ್ಟಿ ಬಿಡಿಸಿಕೊಳ್ಳುತ್ತಿದ್ದಳು, ಆದರೆ ತಲೆಯಲ್ಲಿ ಬರುವ ಶನಿವಾರದ್ದೇ ಯೋಚನೆ. ಅವತ್ತು ಡೆನಿಸ್ ಎಂಬ ಪರಿಚಯದ ಹುಡುಗ ಬಂದು ಲಿವಿಯೊನ ದೋಣಿಯನ್ನು ತೆಗೆದುಕೊಂಡು ಹೋಗುವವನಿದ್ದ. ಮಾರುತ್ತೇನೆಂದು ಮಾತು ಕೊಟ್ಟವಳು ಅವಳೇ. ಆ ಚಪ್ಪಟೆ ತಳದ ಪುಟ್ಟ ದೋಣಿ ಅವಳಿಗೆ ಸವತಿ. ತಿಂಗಳುಗಟ್ಟಲೆ ಹಡಗಲ್ಲಿದ್ದು ಬಂದ ಗಂಡ ನಾಲ್ಕು ದಿನ ಮನೆಯಲ್ಲಿ ಕೂರಬಾರದಾ? ಬೆಳಗಾದರೆ ಅದರ ಬಣ್ಣ, ಸಂಜೆಯಾದರೆ ಅದರ ಬಲೆ. ಎಲ್ಡಾ ಒಂದು ದಿನವೂ ಅದಕ್ಕೆ ಕಾಲಿಟ್ಟವಳಲ್ಲ, ಅದರ ಹಗ್ಗವನ್ನೂ ಮುಟ್ಟಿದವಳಲ್ಲ. ಈಗ ಈ ಮನುಷ್ಯ ಕೊಡಬೇಡ ಅನ್ನುತ್ತಿದ್ದರೆ? ಬಾಯಿಲ್ಲದವನ ಆಸ್ತಿ ಮಾರಿದ ಪಾಪ ತನಗೆ ಸುತ್ತಿಕೊಳ್ಳುವುದಿಲ್ಲವೇ?

ಅದಕ್ಕೇ ಗುರುವಾರ ಮೇಲಿನ ಮನೆಯ ವೊಯ್ಕಾಳನ್ನು ಕರೆದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಇಟ್ಟಿಗೆಯಂಥ ನಿಘಂಟನ್ನು ಎದೆಗವಚಿಕೊಂಡು ಇಳಿದು ಬಂದಳು.

"ಒಂದು ಮಾತಿಗೆ ಇಷ್ಟು ದಪ್ಪದ ಪುಸ್ತಕ ಬೇಕೇನೇ ಟೀಚರಮ್ಮ?"

"ಒಂದು ಮಾತಾ? ಹೊಟ್ಟೆಬಾಕ ಕಣೇ ಇದು, ಹತ್ತಾರು ಅರ್ಥ ನುಂಗಿ ಕೂತಿದೆ. ಕೇಳು. ನಮ್ಮ ಸ್ಲೊವೀನಿಯನ್‌ನಲ್ಲಿ ಮೊದಲನೆಯದು ದರ್ಜಾತಿ, ಕೈಯಲ್ಲಿ ಹಿಡಿಯೋದು."

ಎಲ್ಡಾ ಕಾಫಿ ಬಟ್ಟಲನ್ನು ಅವನ ಎಡಗೈಗೆ ಕೊಟ್ಟಳು. ಕುಡಿದು ಕೆಳಗಿಟ್ಟ.

"ಪೊಚಾಕತಿ, ಕಾಯೋದು."

ಇಬ್ಬರೂ ಕೈಕಟ್ಟಿ ಕಾದರು. ಏನೂ ಆಗಲಿಲ್ಲ. ಲಿವಿಯೊ ಇವರಿಗೇನು ಬಂತು ಎಂಬಂತೆ ನೋಡಿದ.

"ಒಬ್ಯೇತಿ, ಅಪ್ಪಿಕೊಳ್ಳೋದು." ವೊಯ್ಕಾ ಕನ್ನಡಕದ ಮೇಲಿಂದ ನೋಡಿದಳು. "ಬೇಕಾದ್ರೆ ನಾನು ಆ ಕಡೆ ತಿರುಗ್ತೀನಪ್ಪ."

"ಥೂ, ಮುಚ್ಚೇ ಬಾಯಿ!" ಆದರೂ ಎಲ್ಡಾ ಬಗ್ಗಿ ಅಪ್ಪಿಕೊಂಡಳು. ಅವನ ಕುತ್ತಿಗೆಯಲ್ಲಿ ಸೋಪಿನ ವಾಸನೆಯಿತ್ತು. ಬೆನ್ನು ತಟ್ಟಿದ, ಅಷ್ಟೆ.

"ಒಬ್ದರ್ಜಾತಿ," ವೊಯ್ಕಾಳ ದನಿ ಇಳಿಯಿತು. "ಬಿಟ್ಟುಕೊಡದೆ ಉಳಿಸಿಕೊಳ್ಳೋದು."

ಎಲ್ಡಾ ಕಿಟಕಿಯತ್ತ ತಿರುಗಿದಳು. ಭಯಪಟ್ಟಿದ್ದೇ ಆಗಿತ್ತು.

"ಇನ್ನೂ ಒಂದು ಪುಟ ಇದೆ ಕಣೇ."

"ಸಾಕು ಬಿಡು."

ಶುಕ್ರವಾರ ಸಮುದ್ರದ ಮೇಲಿಂದ ಮಂಜು ಮೇಲೆದ್ದು ಪಿರಾನ್ ಊರಿನ ಓಣಿಗಳನ್ನೆಲ್ಲ ತುಂಬಿತು. ಮಧ್ಯಾಹ್ನ ಮೀನು ಊಟ ಮಾಡಿ ಕುರ್ಚಿಯಲ್ಲೇ ಎಲ್ಡಾಗೆ ಜೊಂಪು ಹತ್ತಿತು. ಕನಸಲ್ಲಿ ಅವಳು ಸೆಚೋವ್ಲಿಯೆಯ ಉಪ್ಪಿನ ಗದ್ದೆಯಲ್ಲಿದ್ದಳು. ಮೊಣಕಾಲವರೆಗೆ ಬೆಚ್ಚನೆಯ ನೀರು. ವೊಯ್ಕಾ ಓದಿದ ಮಾತುಗಳೆಲ್ಲ ಬಿಳಿ ಬಟ್ಟೆಯುಟ್ಟು, ಉಪ್ಪು ಎಳೆಯುವ ಹಲಗೆಗಳನ್ನು ಹೆಗಲಿಗೇರಿಸಿ ಬದುವಿನ ಮೇಲೆ ಸಾಲಾಗಿ ನಡೆದುಹೋಗುತ್ತಿದ್ದವು. ಒಂದೊಂದನ್ನೂ ನಿಲ್ಲಿಸಿ, ನಮ್ಮನೆಯವರು ಕರೆದದ್ದು ನಿನ್ನನ್ನಾ ಎಂದು ಕೇಳಿದಳು. ನಾನಲ್ಲ, ಹಿಂದೆ ಬರ್ತಿದೆ ನೋಡು ಅನ್ನುತ್ತ ಎಲ್ಲವೂ ಮಂಜಿನಲ್ಲಿ ಕರಗಿದವು. ಕಟ್ಟಕಡೆಯದು ಹತ್ತಿರ ಬರುವಷ್ಟರಲ್ಲಿ ಎಚ್ಚರವಾಯಿತು. ಲಿವಿಯೊ ಎಡಗೈಯಲ್ಲಿ ಅವಳ ತೋಳು ಹಿಡಿದಿದ್ದ. ಅವಳು ಕುರ್ಚಿಯ ಅಂಚಿಗೆ ಜಾರಿಬಿಟ್ಟಿದ್ದಳು.

ಶನಿವಾರವೂ ಮಂಜು ಬಿಡಲಿಲ್ಲ. ಗಂಡನಿಗೆ ಉಣ್ಣೆ ಟೋಪಿ ಹಾಕಿ, ಕುರ್ಚಿ ತಳ್ಳಿಕೊಂಡು ಬಂದರಿಗೆ ಬಂದಳು. ಇವರ ಬಂದರುಕಟ್ಟೆಯಲ್ಲಿ ಒಂದು ರೂಢಿ. ದೋಣಿ ಕೈ ಬದಲಾಗುವಾಗ ಹಳೆ ಯಜಮಾನ ದಡದ ಹಗ್ಗವನ್ನು ತಾನೇ ಬಿಚ್ಚಿ ಹೊಸಬನಿಗೆ ಎಸೆಯಬೇಕು, ಇಲ್ಲದಿದ್ದರೆ ದೋಣಿ ಒಗ್ಗುವುದಿಲ್ಲ ಅನ್ನುತ್ತಾರೆ.

ಡೆನಿಸ್ ಆಗಲೇ ದೋಣಿಯಲ್ಲಿ ನಿಂತಿದ್ದ. ಹಿಂದೊಮ್ಮೆ ಲಿವಿಯೊನ ಕೈಕೆಳಗೆ ಹಡಗಲ್ಲಿ ಕೆಲಸ ಕಲಿತವನು.

"ಲಿವಿಯೊ ಮಾಮ, ಮನಸ್ಸಿಲ್ಲದಿದ್ರೆ ಈಗಲೇ ಹೇಳಿ. ವಾಪಸ್ ಹೋಗ್ತೀನಿ, ಒಂದಿಷ್ಟೂ ಬೇಜಾರಿಲ್ಲ."

"ಏನು ಹೇಳ್ತಾನಪ್ಪ ಅವನು?" ಎಲ್ಡಾ ಕಟ್ಟೆಯ ಕಬ್ಬಿಣದ ಬಳೆಯಿಂದ ದೋಣಿಯ ಹಗ್ಗ ಬಿಚ್ಚಿ ಗಂಡನ ತೊಡೆಯ ಮೇಲಿಟ್ಟಳು. "ತಗೋ ಮಾರಾಯ. ನಿನ್ನ ದೋಣಿ, ನಿನ್ನಿಷ್ಟ. ಕೊಡೋದು ಬೇಡ ಅಂದ್ರೆ ಗಟ್ಟಿಯಾಗಿ ಹಿಡಿದುಕೋ, ನಾನು ಒಂದು ಮಾತೂ ಆಡಲ್ಲ."

ಲಿವಿಯೊ ಹಗ್ಗವನ್ನು ಹೆಬ್ಬೆರಳಿಂದ ಸವರಿದ. ಎಸೆಯುವವನಂತೆ ತೋಳೆತ್ತಿದ, ಆಗಲಿಲ್ಲ. ಆಮೇಲೆ ಎಲ್ಡಾಳ ಕೈಯನ್ನು ಹತ್ತಿರಕ್ಕೆಳೆದು, ಹಗ್ಗವನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿ, ನೀರಿನತ್ತ ಗದ್ದ ಚಾಚಿದ.

"ನಾನಾ? ನಂಗೆ ಬರಲ್ಲ ಕಣೋ, ಬಿದ್ದುಹೋಗ್ತೀನಿ!"

ಕಟ್ಟೆಯ ಕಲ್ಲು ಒದ್ದೆಯಾಗಿತ್ತು. ದೋಣಿ ಆಗಲೇ ಸ್ವಲ್ಪ ದೂರ ತೇಲಿತ್ತು. ಬೇರೆ ದಾರಿ ಕಾಣದೆ ಗಂಡನ ಕುರ್ಚಿಯ ಮುಂದೆಯೇ ಇದ್ದ ಅಂಚಿಗೆ ಹೋಗಿ ಹೆದರುತ್ತ ಬಗ್ಗಿದಳು. ಹಿಂದಿನಿಂದ ಕೋಟಿನ ಬೆಲ್ಟನ್ನು ಯಾರೋ ಗಪ್ಪನೆ ಹಿಡಿದರು.

"ಹೋಲ್ಡ್," ಅಂದ ಲಿವಿಯೊ.

"ನೋಡಿದ್ಯಾ, ಕೊಡಬೇಡ ಅಂತಿದಾನೆ!" ಎಲ್ಡಾ ಅಲ್ಲೇ ಅಳತೊಡಗಿದಳು.

"ಅಯ್ಯೋ, ಅಲ್ಲ ಎಲ್ಡತ್ತೆ!" ಡೆನಿಸ್ ನಕ್ಕುಬಿಟ್ಟ. "ಹಡಗಿನ ಅಂಚಿಂದ ಹೊರಗೆ ಬಗ್ಗಿ ಕೆಲಸ ಮಾಡೋವಾಗ ಹಿಂದಿನವನು ಬೆಲ್ಟ್ ಹಿಡಿದು ಹೀಗೇ ಕೂಗ್ತಾನೆ. ನಿನ್ನ ಹಿಡಿದಿದ್ದೀನಿ, ಭಯ ಬಿಡು ಅಂತ. ಮಾಮ ನನ್ನ ಹಿಂದೆ ಹೀಗೇ ಎಷ್ಟು ಸಲ ನಿಂತಿದಾರೆ!"

ಎಲ್ಡಾಗೆ ಕಿಟಕಿ ನೆನಪಾಯಿತು, ಏಪ್ರನ್ನಿನ ಪಟ್ಟಿ ನೆನಪಾಯಿತು. ತಾನು ಇಷ್ಟು ದಿನ ಇವನಿಗೇನು ಬೇಕು, ಏನು ಬೇಕು ಎಂದು ತಡಕಾಡಿದ್ದೇ ಬಂತು. ಬೆಲ್ಟು ಬಿಗಿಯಾಗಿತ್ತು. ಅವಳು ಇನ್ನೂ ಮುಂದಕ್ಕೆ ಬಗ್ಗಿ ಹಗ್ಗವನ್ನು ಬೀಸಿ ಎಸೆದಳು. ಡೆನಿಸ್ ಹಿಡಿದುಕೊಂಡ.

ದೋಣಿ ಮಂಜಿನೊಳಗೆ ಹೋಯಿತು. ಮೋಟಾರಿನ ಸದ್ದೂ ಅಡಗಿತು. ಕೈಯಲ್ಲಿ ಹಗ್ಗವಿಲ್ಲ, ಬಗ್ಗುವ ಕೆಲಸವೂ ಮುಗಿದಿತ್ತು. ಆದರೂ ಎಲ್ಡಾ, ಬೆಲ್ಟಿನ ಮೇಲಿನ ಆ ಹಿಡಿತಕ್ಕೆ ಮೈಬಿಟ್ಟು, ನೀರಿನ ಮೇಲೆ ಹಾಗೇ ಬಗ್ಗಿ ಇನ್ನಷ್ಟು ಹೊತ್ತು ನಿಂತಳು.