ಕ್ಯಾಚರನ ಬಲಗೈ

ಬಿಳಿ ಕೈಗವಸಿನೊಳಗೆ ಕ್ಲೀಟಸನ ಬೆರಳುಗಳು ಹೋಗಲೇ ಇಲ್ಲ. ಶವ ಸಿಂಗರಿಸುತ್ತಿದ್ದ ಹಾಬ್ಸನ್ ಮತ್ತೆ ಮತ್ತೆ ಎಳೆದು, ಸೋತು, ಕ್ಲೀಟಸನ ಹೆಂಡತಿ ವರ್ಡೆಲ್‌ಳ ಮುಖ ನೋಡಿದ.

“ಅಮ್ಮಾ, ಯಜಮಾನ್ರ ಬಲಗೈ ಬೆರಳು ಒಂದೊಂದೂ ಒಂದೊಂದು ದಿಕ್ಕಿಗಿದೆ. ಏನ್ ಮಾಡ್ಲಿ?”

“ಬಿಟ್ಬಿಡಪ್ಪ. ಎಳೀಬೇಡ, ನೋಯುತ್ತೆ,” ಅಂದುಬಿಟ್ಟಳು. ತನ್ನ ಮಾತು ತನಗೇ ಕೇಳಿಸಿ ಗೋಡೆಯ ಕಡೆ ತಿರುಗಿದಳು.

ಗಂಡನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುತ್ತಿದ್ದ ಲೊನ್ಜೊ ಬಾಗಿಲಲ್ಲಿ ನಿಂತಿದ್ದ. ಅವನೆಸೆದದ್ದನ್ನು ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವ ಕ್ಯಾಚರ್ ಆಗಿದ್ದವನು ಕ್ಲೀಟಸ್. “ಅದರಲ್ಲಿ ಅರ್ಧ ನಾನೇ ಮುರಿದದ್ದು ಅತ್ತಿಗೆ. ನನ್ನ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನನಗೇ ಗೊತ್ತಿರ್ತಿರ್ಲಿಲ್ಲ. ಅಣ್ಣಂಗೆ ಗೊತ್ತಿರ್ತಿತ್ತು.”

“ತೋರುಬೆರಳು ನೀ ಮುರಿದದ್ದಲ್ಲ ಬಿಡು,” ಅಂದಳು ವರ್ಡೆಲ್.

*

ಸಾವಿರದೊಂಬೈನೂರ ನಲವತ್ತೇಳರ ಬೇಸಿಗೆ. ಅಮೆರಿಕದ ಬಿಳಿಯರ ದೊಡ್ಡ ಬೇಸ್‌ಬಾಲ್ ಲೀಗು ಕೊನೆಗೂ ಕಪ್ಪು ಆಟಗಾರರನ್ನು ಹುಡುಕತೊಡಗಿತ್ತು. ಮೆಂಫಿಸ್‌ನ ಆಟದಲ್ಲಿ ಕ್ಲೀಟಸನನ್ನು ನೋಡಲೆಂದೇ ಆ ಲೀಗಿನ ಕಡೆಯವನೊಬ್ಬ ಬರುವವನಿದ್ದ. ಅದನ್ನು ಕಣ್ಣಾರೆ ಕಾಣಲು ವರ್ಡೆಲ್ ಕೂಡ ತಂಡದ ಬಸ್ಸು ಹತ್ತಿದ್ದಳು. ಹಿಂದಿನ ದಿನ, ದಾರಿಯ ಊರೊಂದರ ಆಟದಲ್ಲಿ, ಬ್ಯಾಟನ್ನು ಸವರಿ ತಿರುಗಿದ ಚೆಂಡು ಬಡಿದು ಅವನ ತೋರುಬೆರಳು ಮುರಿಯಿತು. ಆಸ್ಪತ್ರೆಯ ಬಾಗಿಲಲ್ಲೇ ನರ್ಸು ಅಡ್ಡ ನಿಂತಳು: “ನಿಮ್ಮವರನ್ನ ಇಲ್ಲಿ ನೋಡಲ್ಲ.”

ಬಸ್ಸಿನಲ್ಲಿ ವರ್ಡೆಲ್ ಒಳಲಂಗದ ಅಂಚು ಹರಿದು, ಚಮಚದ ಹಿಡಿಯಿಟ್ಟು ಬೆರಳು ಕಟ್ಟಿದಳು.

“ಬಿಗಿಯಾಗಿ ಕಟ್ಟೇ. ನಾಳೆ ಎಸೀಬೇಕು.”

“ಊದ್ಕೊಂಡಿದೆ ಕಣ್ರೀ.”

“ಕಟ್ಟು ಅಂದ್ರೆ ಕಟ್ಟು.”

ಮರುದಿನ ಎದುರಾಳಿಗಳು ಎರಡನೇ ಬೇಸ್‌ನ ಕಡೆಗೆ ಕದ್ದು ಓಡಿದಾಗಲೆಲ್ಲ, ಅವರನ್ನು ಔಟ್ ಮಾಡಲು ಕ್ಲೀಟಸ್ ಎದ್ದು ಎಸೆದ ಚೆಂಡು ಅರ್ಧದಾರಿಯಲ್ಲೇ ನೆಲಕ್ಕೆ ಬಿದ್ದು ಹೊರಳಿತು. ನೋಡಲು ಬಂದವನು ಆಟ ಮುಗಿಯುವ ಮೊದಲೇ ಎದ್ದು ಹೋದ. ವಾಪಸು ಬರುವಾಗ ಕ್ಲೀಟಸ್ ಯಾರನ್ನೂ ದೂರಲಿಲ್ಲ. “ಹಸಿವಾಗಿದೆ,” ಎಂದಷ್ಟೇ ಅಂದ. ತಮ್ಮವರಿಗೆ ಊಟ ಕೊಡುವ ಹೋಟೆಲು ಸಿಗುವವರೆಗೂ ಬಸ್ಸು ಓಡುತ್ತಲೇ ಇತ್ತು.

*

ಅಂತ್ಯಕ್ರಿಯೆಯ ಪ್ರಾರ್ಥನೆಗೆ ಸೇರಿದ್ದ ಚರ್ಚಿನಲ್ಲಿ ಹೊಸ ಪಾದ್ರಿ, ಬರ್ಮಿಂಗ್‌ಹ್ಯಾಮಿನ ಶಾಲೆಯ ನೆಲ ಒರೆಸುತ್ತಲೇ ಮಕ್ಕಳ ಪ್ರೀತಿ ಗಳಿಸಿದ ಸಹೋದರ ಕ್ಲೀಟಸನನ್ನು ಹೊಗಳಿದರು. ಲೊನ್ಜೊ ತಡೆಯಲಾರದೆ ಎದ್ದ.

“ಅಯ್ಯನೋರೆ, ಅಣ್ಣ ಕ್ಯಾಚರ್ ಆಗಿದ್ದ!”

“ಹೌದಾ? ಯಾವ ತಂಡಕ್ಕೆ?”

ಲೊನ್ಜೊ ತಂಡದ ಹೆಸರು ಹೇಳಿದ. ತರುಣ ಪಾದ್ರಿ ಅದನ್ನು ಕೇಳಿರಲಿಲ್ಲ. ಪ್ರೀತಿಯಿಂದಲೇ ತಲೆದೂಗಿ, ಹಾಡುವವರಿಗೆ ಸನ್ನೆ ಮಾಡಿದರು. ಹಾಡು ಶುರುವಾದ ಮೇಲೂ ಲೊನ್ಜೊ ನಿಂತೇ ಇದ್ದ. ವರ್ಡೆಲ್ ಅವನ ಕೋಟು ಹಿಡಿದು ಕೂರಿಸಿದಳು.

ಸ್ಮಶಾನದ ದಾರಿಯಲ್ಲಿ ಹುಡುಗರ ಬೇಸ್‌ಬಾಲ್ ತಂಡವೊಂದು ರಸ್ತೆ ದಾಟಲು ನಿಂತಿತ್ತು. ಬಿಳಿಯರು, ಕರಿಯರು ಒಟ್ಟಿಗೆ. ಎಲ್ಲರದೂ ಒಂದೇ ಬಣ್ಣದ ಅಂಗಿ. ಶವದ ಗಾಡಿ ಕಂಡು ಅವರೆಲ್ಲ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಹಿಂದಿನ ಕಾರಿನಲ್ಲಿದ್ದ ವರ್ಡೆಲ್ ಗಾಜು ಇಳಿಸಲು ನೋಡಿದಳು, ಹಿಡಿ ತಿರುಗಲಿಲ್ಲ. ಗಾಜನ್ನು ತಟ್ಟಿ ಗಂಡನ ಹೆಸರು ಕೂಗಿದಳು. ಹುಡುಗರಲ್ಲೊಬ್ಬ ದನಿ ಕೇಳಿಸದೆ ಅವಳ ತುಟಿಗಳನ್ನಷ್ಟೇ ನೋಡಿ, ಮರ್ಯಾದೆಯಿಂದ ತಲೆ ಬಾಗಿಸಿ, ಟೋಪಿ ಹಾಕಿಕೊಂಡು, ಉಳಿದವರೊಂದಿಗೆ ಮೈದಾನದ ಕಡೆ ಓಡಿದ.