ಸೋಮವಾರಕ್ಕೆ ಕಾಯದ ಸಿನಿಮಾ

ಶುಕ್ರವಾರವೇ ಪ್ರಸಾದ ಫೋನಿನಲ್ಲಿ ಗೋಗರೆದಿದ್ದ. ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ದುಡಿಯುವ ಅವನು ಕಾಂತಾಳ ಅಣ್ಣನ ಮಗ. ಸಿನಿಮಾ ಟಾಕೀಜಿಗೆ ಬಂದಿದೆ, ರವಿವಾರದವರೆಗಿನ ಗಳಿಕೆ ನೋಡಿಯೇ ಇಡುವುದೋ ಕೀಳುವುದೋ ತೀರ್ಮಾನಿಸುತ್ತಾರೆ, ಇವತ್ತೇ ಹೊರಟು ಬಾ ಎಂದ. ಕಾಂತಾ ಸೋಮವಾರ ಬರುತ್ತೇನೆ ಎಂದಳು.

ಅವಳ ಗಂಡ ಗುರುಪುತ್ರಪ್ಪ ಆ ಸಿನಿಮಾದಲ್ಲಿದ್ದ. ದೊಡ್ಡ ಪಾತ್ರವೇನಲ್ಲ, ಕಂಬಳಿ ಹೊದ್ದು ಹಾದಿ ಹಿಡಿದು ಹೋಗುವ ರೈತ, ಅಷ್ಟೇ. ಖಾನಾಪುರದ ಕಡೆ ಚಿತ್ರೀಕರಣಕ್ಕೆ ಬಂದವರು ತನ್ನೂರು ಪಾರಿಶ್ವಾಡದ ನಾಟಕಗಳಲ್ಲಿ ಮೀಸೆ ತಿರುವಿದ್ದ ಇವನನ್ನು ಕರೆದಿದ್ದರು. ಆ ಸಂಜೆ ಮನೆಗೆ ಬಂದವನೇ ಹೆಂಡತಿಗೆ ಹೇಳಿದ್ದ:

"ಮೂಲಿಗೆ ನಿಂತು ಹೊಳ್ಳಿ ನೋಡ್ರಿ ಅಂದ್ರು. ನಿನ್ನ ನೆನಸ್ಕೊಂಡು ನೋಡೀನಿ. ಸಿನಿಮಾ ಬಂದಾಗ ನೀ ಎದುರಿಗೆ ಕುಂದರಬೇಕು."

ದಿನಾ ಹೊಲಕ್ಕೆ ಹೋಗುವಾಗಲೂ ಓಣಿಯ ಮೂಲೆಯಲ್ಲಿ ಒಮ್ಮೆ ಹೊರಳಿ ನೋಡುವುದು ಅವನ ರೂಢಿ. ಸಿನಿಮಾ ಬಿಡುಗಡೆಯಾಗುವ ಮೊದಲೇ ಎದೆನೋವು ಬಂದು ಅವನು ಹೋಗಿಬಿಟ್ಟ. ಕಾಂತಾ ಈಗಲೂ ಬೆಳಿಗ್ಗೆ ಕಸಬರಿಗೆ ಹಿಡಿದು ಕಟ್ಟೆಗೆ ಬಂದು, ಗುಡಿಸುವುದನ್ನು ಮರೆತು ಮೂಲೆಯತ್ತ ನೋಡುತ್ತ ನಿಲ್ಲುತ್ತಾಳೆ. ಆ ನೋಟ ಇನ್ನೊಂದು ಸಲ ಸಿಕ್ಕರೆ ಸಾಕು ಎಂಬುದಷ್ಟೇ ಅವಳ ಆಸೆ.

ಮತ್ತೆ ಶುಕ್ರವಾರವೇ ಓಡಬೇಕಿತ್ತಲ್ಲ ಎನ್ನುತ್ತೀರಿ. ಊರೆಲ್ಲ ಭತ್ತದ ಬಿತ್ತನೆಯಲ್ಲಿ ಮುಳುಗಿತ್ತು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರ್ ಬಂದರೂ ಆ ಬಿಡುವು ಹಾಗೇ ಉಳಿದಿದೆ. ಅವತ್ತು ಟೆಂಪೊ ಮಾಡಿಕೊಂಡು ಎಲ್ಲರೂ ಹೋಗೋಣ ಎಂದು ನೆರೆಮನೆಯ ಬಾಳಪ್ಪ ಹೇಳಿದ್ದ. ಊರ ನಾಟಕದಲ್ಲಿ ಮಂದಿ ಸೇರಿದ ಮೇಲೆಯೇ ಪರದೆ ಏಳುವುದು. ಕಾಂತಾಳಿಗೆ ಗೊತ್ತಿದ್ದುದು ಅದೊಂದೇ. ಗಂಡನಿಗೆ ಊರಿನ ಚಪ್ಪಾಳೆ ಬೀಳಬೇಕು. ಒಬ್ಬಳೇ ಹೋಗಿ ನೋಡಿ ಬರುವುದು ಅವಳಿಗೆ ಕದ್ದು ಉಂಡಂತೆ.

ಸೋಮವಾರ ಟೆಂಪೊ ತುಂಬಿ ತುಳುಕುತ್ತ ಬೆಳಗಾವಿಗೆ ಬಂತು. ಟಾಕೀಜಿನ ಮುಂದೆ ಬೇರೆಯೇ ಪೋಸ್ಟರು, ಕತ್ತಿ ಹಿಡಿದ ಯಾವನೋ ನಾಯಕ. ಬಾಗಿಲು ಕಾಯುವ ಗನಿಸಾಹೇಬರು, ಶನಿವಾರ, ರವಿವಾರ ಜನ ಬರಲಿಲ್ಲ, ಬೆಳಿಗ್ಗೆಯೇ ತೆಗೆದರು ಎಂದರು. ಇಷ್ಟು ಮಂದಿ ಬಂದಿದ್ದೇವೆ, ಈಗ ಹಚ್ಚಿ ಎಂದು ಬಾಳಪ್ಪ ಜಗಳಕ್ಕೆ ನಿಂತ. ಇವತ್ತಿನ ಮಂದಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಿನಿಮಾ ಹಂಚುವ ಬೆಂಗಳೂರಿನವರು ನಿನ್ನೆಯೇ ಕೈಬಿಟ್ಟರು ಎಂದು ಗನಿಸಾಹೇಬರು ಸಮಾಧಾನವಾಗಿ ಹೇಳಿದರು. ಮೊದಲ ಮೂರು ದಿನ ಓಡದ್ದನ್ನು ಮೊಬೈಲಿನಲ್ಲಿ ತೋರಿಸಲಿಕ್ಕೂ ಯಾರೂ ಕೊಳ್ಳುವುದಿಲ್ಲವಂತೆ. ಗ್ಯಾರೇಜಿನಿಂದ ಬಂದಿದ್ದ ಪ್ರಸಾದ ತಲೆ ತಗ್ಗಿಸಿ ನಿಂತಿದ್ದ.

ನಮ್ಮ ಜನ ನೋಡಿ, ಹೇಗೂ ಬಂದಿದ್ದೇವಲ್ಲ ಎಂದು ಆ ಕತ್ತಿಯ ಸಿನಿಮಾಕ್ಕೇ ನುಗ್ಗಿದರು. ಕಾಂತಾ ಹೋಗಲಿಲ್ಲ. ಒಳಗಿನ ಸದ್ದು ಹೊರಗೆ ಕೇಳತೊಡಗಿದಾಗ ಗನಿಸಾಹೇಬರ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಆ ಸಿನಿಮಾದಾಗ ಕಂಬಳಿ ಹೊತ್ಕೊಂಡವರು ಒಬ್ರು ಇದ್ರಲ್ರೀ. ಮೂಲಿಗೆ ಹೊಳ್ಳಿ ನೋಡತಿದ್ರೇನ್ರಿ?"

ಗನಿಸಾಹೇಬರು ಅವಳ ಮುಖ ನೋಡಿದರು.

"ನೋಡತಿದ್ರು ಅಕ್ಕಾರ. ಪ್ರತಿ ಆಟದಾಗೂ ನೋಡ್ಯಾರ. ಎದುರಿನ ಖುರ್ಚಿ ಎಲ್ಲಾ ಖಾಲಿ ಇದ್ದವು."

ಮೂರು ದಿನವೂ ಅವನು ಅವಳನ್ನೇ ಹುಡುಕಿದ್ದ. ಕಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.